ನಟನೆ ಬಾರದವರು ಲಾರ್ಪ್ ಆಟಕ್ಕೆ ಹೋಗಬಹುದೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಉಪ್ಪಳದ ಮನೆಯಲ್ಲೇ ಕುಳಿತು ಕಂಪ್ಯೂಟರ್ ಕೆಲಸ ಮಾಡುತ್ತೀರಿ. ಬೆಂಗಳೂರಿನ ಗೆಳೆಯರು ಮಡಿಕೇರಿ ಕಡೆಯ ತೋಟವೊಂದರಲ್ಲಿ ಎರಡು ದಿನದ ಲೈವ್ ಆ್ಯಕ್ಷನ್ ರೋಲ್ ಪ್ಲೇಯಿಂಗ್, ಅಂದರೆ ಲಾರ್ಪ್, ಆಟಕ್ಕೆ ಕರೆಯುತ್ತಿದ್ದಾರೆ; ಬಂದವರೆಲ್ಲ ಒಂದೊಂದು ಪಾತ್ರವಾಗಿ, ಬರೆದಿಟ್ಟ ಸಂಭಾಷಣೆಯಿಲ್ಲದೆ ಒಂದು ಕಥೆಯನ್ನು ಆಡುತ್ತಾ ಹೋಗುವ ಆಟ ಅದು. ಶಾಲೆಯ ವಾರ್ಷಿಕೋತ್ಸವದಲ್ಲೂ ವೇದಿಕೆ ಹತ್ತಿದವರಲ್ಲವಾದ್ದರಿಂದ ನಿಮಗೆ ಅಂಜಿಕೆ. ನನ್ನ ಉತ್ತರ: ಹೋಗಿ, ಆದರೆ ಅದಕ್ಕೆ ಮೊದಲು ಪರಿಚಯದವರ ಜೊತೆ ಮೂರು ಗಂಟೆಯ ಸಣ್ಣ ಆಟವೊಂದನ್ನು ಆಡಿ ನೋಡಿ. ನಟನೆ ಬಾರದಿದ್ದರೆ ಈ ಆಟಕ್ಕೆ ಏನೂ ಕೊರತೆಯಿಲ್ಲ. ಮಾತು ವಿಪರೀತ ಬರುವವರಿಂದಲೇ ಆಟ ಕೆಡುವುದು. ಕೆಡಿಸಿದವನು ನಾನೇ ಆದ್ದರಿಂದ ಧೈರ್ಯವಾಗಿ ಹೇಳುತ್ತಿದ್ದೇನೆ.

ನನ್ನದು ಕಾಸರಗೋಡಿನ ಪೆರ್ಲದ ಕಡೆಯ ಮನೆ. ಪಕ್ಕದ ಶೇಣಿಯಿಂದ ಬಂದ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯ ಕ್ಯಾಸೆಟ್ ಕೇಳುತ್ತಾ ಬೆಳೆದವನು. ವೇಷ, ಕುಣಿತವಿಲ್ಲದೆ ಕುಳಿತೇ ನಡೆಸುವ ಯಕ್ಷಗಾನ ತಾಳಮದ್ದಳೆ; ಅದರಲ್ಲಿ ಪಾತ್ರಧಾರಿ ಆಗಲೇ ಕಟ್ಟಿ ಆಡುವ ಮಾತೇ ಅರ್ಥ. ಊರಿನ ತಾಳಮದ್ದಳೆಗಳಲ್ಲಿ ಸಣ್ಣಪುಟ್ಟ ಅರ್ಥ ಹೇಳಿದ್ದೂ ಉಂಟು. ಲಾರ್ಪ್ ಎಂದರೇನೆಂದು ಮೊದಲ ಬಾರಿ ಕೇಳಿದಾಗ ನಗು ಬಂತು. ಪಾತ್ರ ಗೊತ್ತು, ಕಥೆಯ ಜಾಡು ಗೊತ್ತು, ಮಾತು ಮಾತ್ರ ಆ ಹೊತ್ತಿಗೆ ಹುಟ್ಟಬೇಕು. ಇದನ್ನು ನಾವು ಕುಂಬಳೆ ಸೀಮೆಯವರು ಎಷ್ಟು ತಲೆಮಾರಿನಿಂದ ಮಾಡುತ್ತಿಲ್ಲ? ಹಾಗೆಂದುಕೊಂಡೇ ಹೋದೆ.

ಮುಳ್ಳೇರಿಯದ ಬಳಿ ಗೆಳೆಯನ ಹಳೆಯ ಮನೆ, ಜೂನ್ ತಿಂಗಳು, ಕರೆಂಟ್ ಇಲ್ಲ. ಎಂಟು ಜನ ಸೇರಿದ್ದೆವು. ಗೆಳೆಯನೇ ಹೆಣೆದ ಕಥೆ. 1956ರ ಅಕ್ಟೋಬರ್ 31ರ ರಾತ್ರಿ. ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ತಾಲೂಕು ಬೆಳಗಾದರೆ ಕೇರಳಕ್ಕೆ ಸೇರುತ್ತದೆ. ಒಂದು ಕೂಡುಕುಟುಂಬ ಅದೇ ರಾತ್ರಿ ಕುಳಿತು, ಆಸ್ತಿ ಪಾಲು ಮಾಡಿ ಗಡಿಯಾಚೆ ಪುತ್ತೂರಿಗೆ ಹೋಗುವುದೋ, ಇಲ್ಲೇ ಇರುವುದೋ ಎಂದು ತೀರ್ಮಾನಿಸಬೇಕು. ಪ್ರತಿಯೊಬ್ಬರಿಗೂ ಒಂದು ಚೀಟಿ. ಅದರಲ್ಲಿ ನೀವು ಯಾರು, ನಿಮಗೇನು ಬೇಕು, ನಿಮ್ಮ ಗುಟ್ಟೇನು ಎಂದು ಬರೆದಿತ್ತು. ನಾನು ಹಿರಿಯಣ್ಣ, ಕನ್ನಡ ಶಾಲೆಯ ಹೆಡ್‌ಮಾಸ್ಟರ್. ಇನ್ನೇನು ಬೇಕು? ಶುರು ಮಾಡಿದೆ. ಚಂದ್ರಗಿರಿ ಹೊಳೆಯಿಂದ ಹಿಡಿದು ನಮ್ಮ ಯಕ್ಷಗಾನ ಕವಿ ಪಾರ್ತಿಸುಬ್ಬನವರೆಗೆ ಎಲ್ಲವನ್ನೂ ತಂದೆ. ಇಪ್ಪತ್ತು ನಿಮಿಷ. ತಮ್ಮನ ಪಾತ್ರದವನನ್ನು ನಿರುತ್ತರನನ್ನಾಗಿ ಮಾಡಿ ಸುತ್ತ ನೋಡಿದರೆ, ಆಹಾ ಎನ್ನಲು ಅಲ್ಲಿ ಸಭೆಯೇ ಇಲ್ಲ. ಇದ್ದವರೆಲ್ಲ ಪಾತ್ರಧಾರಿಗಳು, ತಮ್ಮ ಸರದಿಗೆ ಕಾದು ಕಾದು ಸುಸ್ತಾದವರು.

ಆಟ ಮುಗಿದ ಮೇಲೆ, ತಮ್ಮನ ಹೆಂಡತಿಯಾಗಿದ್ದ ಗೆಳೆಯನ ಮಗಳು ತನ್ನ ಚೀಟಿಯನ್ನು ತೋರಿಸಿದಳು. ಅವಳು ಆಗಲೇ ಬಳೆ ಅಡವಿಟ್ಟು ಪುತ್ತೂರಿನಲ್ಲಿ ಜಾಗಕ್ಕೆ ಮುಂಗಡ ಕೊಟ್ಟಿದ್ದಳಂತೆ. "ಮಾವ, ಇದನ್ನು ಹೊರಗೆ ಹಾಕಲು ನೀವು ಉಸಿರು ಬಿಡುವಷ್ಟೂ ಸಂದು ಕೊಡಲಿಲ್ಲ" ಎಂದಳು. ಆ ಒಂದು ಮಾತು ಹೊರಗೆ ಬಿದ್ದಿದ್ದರೆ ನನ್ನ ಭಾಷಣವೆಲ್ಲ ನೀರಾಗಿ ಕಥೆಗೆ ಜೀವ ಬರುತ್ತಿತ್ತು.

ಅಂದಿನ ಆಟವನ್ನು ಉಳಿಸಿದವರು ಬ್ಯಾಂಕಿನಲ್ಲಿ ಗುಮಾಸ್ತೆಯಾಗಿರುವ ಒಬ್ಬ ಹೆಂಗಸು. ನಿಮ್ಮಂತೆಯೇ, ಬಲವಂತಕ್ಕೆ ಬಂದವರು. ಅವರಿಗೆ ವಿಧವೆ ಅತ್ತೆಯ ಪಾತ್ರ. ಮೂರು ಗಂಟೆಯಲ್ಲಿ ಹತ್ತು ಮಾತು ಆಡಿದ್ದರೆ ಹೆಚ್ಚು; ಮೂಲೆಯಲ್ಲಿ ಕುಳಿತು ಅಡಿಕೆ ಹೋಳು ಮಾಡುತ್ತಿದ್ದರು. ಕೊನೆಗೆ ನಾವು ಅಣ್ಣತಮ್ಮಂದಿರು "ಪಾಲೇ ಆಗಲಿ" ಎಂದು ಕೂಗಾಡಿದಾಗ ಎದ್ದು ಬಂದು, ಸೊಂಟದಿಂದ ಕೀಲಿಕೈ ಗೊಂಚಲು ಬಿಚ್ಚಿ ನಮ್ಮಿಬ್ಬರ ನಡುವೆ ಇಟ್ಟು ಜಗಲಿಗೆ ನಡೆದರು. ನನಗೆ ಬಾಯಿ ಬರಲಿಲ್ಲ. ಅದಕ್ಕೆ ಯಾವ ಅರ್ಥಧಾರಿಯ ಬಳಿಯೂ ಉತ್ತರವಿರಲಾರದು.

ಉತ್ತರ ಯುರೋಪಿನ ಆಟಗಾರರಲ್ಲಿ "ಸೋಲುವುದಕ್ಕೆ ಆಡು" ಎಂಬ ಮಾತಿದೆ. ನಿಮ್ಮ ಪಾತ್ರ ಸೋತರೆ, ಗುಟ್ಟು ಬಯಲಾದರೆ ಎಲ್ಲರಿಗೂ ಆಡಲು ಏನಾದರೂ ಸಿಗುತ್ತದೆ ಎಂಬುದು ಅದರ ತರ್ಕ. ಯೋಚಿಸಿದರೆ ನಮ್ಮ ವಾಲಿಯೂ ಅಷ್ಟೇ. ಬಾಣ ನೆಟ್ಟ ಮೇಲೂ ರಾಮನನ್ನು ಒಂದು ಗಂಟೆ ತರಾಟೆಗೆ ತೆಗೆದುಕೊಳ್ಳುತ್ತಾನೆ, ಆದರೆ ಎದ್ದು ಕಿಷ್ಕಿಂಧೆಗೆ ಹೋಗುವುದಿಲ್ಲ. ನಾನು ತಾಳಮದ್ದಳೆಯಿಂದ ತರಾಟೆಯನ್ನಷ್ಟೇ ಕಲಿತಿದ್ದೆ.

ಇನ್ನು ನಿಮ್ಮ ಮಡಿಕೇರಿಯ ಆಟ. ಅದು ಯಾವ ಜಾತಿಯದೆಂದು ಮೊದಲು ಕೇಳಿಕೊಳ್ಳಿ. ಲಾರ್ಪ್ ಎಂಬ ಒಂದೇ ಹೆಸರಿನಲ್ಲಿ ತೀರಾ ಬೇರೆ ಬೇರೆ ಆಟಗಳಿವೆ. ಅಮೆರಿಕದಲ್ಲಿ 1977ರಲ್ಲಿ ಶುರುವಾದ ಡಾಗೊರ್ಹಿರ್‌ನದು ಫೋಮ್ ಕತ್ತಿಗಳ ಕಾಳಗ. ಇಂಗ್ಲೆಂಡಿನಲ್ಲಿ 1982ರಲ್ಲಿ ಪೆಕ್‌ಫರ್ಟನ್ ಕೋಟೆಯೊಳಗೆ ಆರಂಭವಾದ ಟ್ರೆಷರ್ ಟ್ರ್ಯಾಪ್‌ನದು ಸಾಹಸದ ಕಥೆ. ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡ್‌ಗಳಲ್ಲಿ ಬೆಳೆದ ಬಗೆಯಲ್ಲಿ ಕತ್ತಿಗಿಂತ ಮನಸ್ಸಿಗೆ ಕೆಲಸ ಜಾಸ್ತಿ; ಅವರು 1997ರಿಂದ ಇದರ ಚರ್ಚೆಗೆಂದೇ ಸಮ್ಮೇಳನ ನಡೆಸುತ್ತಿದ್ದಾರೆ. ಗೆಳೆಯರು ಕರೆದದ್ದು ಕಾಳಗಕ್ಕಾದರೆ ಮೊಣಕಾಲು ಗಟ್ಟಿ ಇರಬೇಕು. ಕತ್ತಿಯ ಭಯ ಬೇಡ: ಒಳಗೆ ಫೈಬರ್ ಕೋಲು, ಮೇಲೆ ಫೋಮ್, ಅದರ ಮೇಲೆ ಲ್ಯಾಟೆಕ್ಸ್ ಬಳಿದಿರುತ್ತಾರೆ. ತಲೆಗೆ ಹೊಡೆಯಬಾರದೆಂಬ ನಿಯಮ ಸಾಮಾನ್ಯ, ಆದರೂ ಖಚಿತಪಡಿಸಿಕೊಳ್ಳಿ. ಚಿಕ್ಕಂದಿನಲ್ಲಿ ಅಡಿಕೆ ಹಾಳೆಯ ಕಿರೀಟ ಕಟ್ಟಿ ಕೋಲಿನಲ್ಲಿ ಹೊಡೆದಾಡಿದ್ದಕ್ಕಿಂತ ಇದು ಎಷ್ಟೋ ಮೆತ್ತಗೆ.

ಮಾತಿನ ಆಟವಾದರೆ, ನಡುವೆ ನಿಲ್ಲಿಸುವ ದಾರಿ ಏನೆಂದು ಕೇಳಿ. "ಕಟ್" ಎಂದರೆ ಆಟವೇ ನಿಲ್ಲುತ್ತದೆ, "ಬ್ರೇಕ್" ಎಂದರೆ ಎದುರಿನವರು ಒತ್ತಡ ತಗ್ಗಿಸುತ್ತಾರೆ. ಕೈಯನ್ನು ಹಣೆಗೆ ಅಡ್ಡ ಹಿಡಿದು ಎದ್ದು ಹೋದರೆ ಯಾರೂ ಕಾರಣ ಕೇಳಬಾರದು ಎಂಬ ಪದ್ಧತಿಯೂ ಇದೆ. ಸಂಕೋಚದವರಿಗೆ ಇದು ದೊಡ್ಡ ಅನುಕೂಲ. ಕೇಳಿದರೆ ಆಯೋಜಕರು "ಅದೆಲ್ಲ ಬೇಕಾಗುವುದಿಲ್ಲ, ಬನ್ನಿ" ಎಂದು ತೇಲಿಸಿದರೋ, ಈ ಸಲ ಬೇಡ.

ಪಾತ್ರ ಆರಿಸುವಾಗ ಒಂದು ಎಚ್ಚರ. ಅಂದು ನನ್ನ ತಮ್ಮನಾಗಿದ್ದವನ ಸ್ವಂತ ಮನೆಯಲ್ಲಿ ಪಾಲಿನ ತಕರಾರು ಇನ್ನೂ ತೀರಿರಲಿಲ್ಲ. ಅದು ನಮಗೆ ಗೊತ್ತಿರಲಿಲ್ಲ. ಆಟ ಮುಗಿದ ಮೇಲೂ ಎರಡು ದಿನ ಅವನು ನನ್ನ ಫೋನ್ ಎತ್ತಲಿಲ್ಲ. ಪಾತ್ರದ ಭಾವ ಹೀಗೆ ಆಡಿದವನಿಗೂ ಅಂಟಿಕೊಳ್ಳುವುದನ್ನು ಆಟಗಾರರು ಬ್ಲೀಡ್ ಎನ್ನುತ್ತಾರೆ. ಮೊದಲ ಸಲ ನಿಮ್ಮ ಮನೆಯ ಕಥೆಗೆ ದೂರದ ಪಾತ್ರ ಕೇಳಿ. ಕಳ್ಳ, ವೈದ್ಯ, ದಾರಿ ತಪ್ಪಿದ ಯಾತ್ರಿಕ, ಯಾವುದಾದರೂ ನಡೆದೀತು. ಚಹಾ ಕೊಡುವವನ ಪಾತ್ರ ಸಿಕ್ಕಿದರಂತೂ ಬಿಡಬೇಡಿ: ಎಲ್ಲ ಕೋಣೆಗೂ ಪ್ರವೇಶ, ಮಾತಾಡುವ ಹಂಗಿಲ್ಲ.

ವೇಷಕ್ಕೆಂದು ದುಡ್ಡು ಸುರಿಯಬೇಡಿ. ಒಂದು ಪಂಚೆ, ಒಂದು ಹಳೆಯ ಶಾಲು ಸಾಕು. ಮಳೆಗಾಲದಲ್ಲಿ ಕೊಡಗಿಗೆ ಹೋಗುವವರು ನೀವು, ಒಂದು ಪೊಟ್ಟಣ ಉಪ್ಪು ಮಾತ್ರ ಮರೆಯದೆ ಒಯ್ಯಿರಿ. ಅಲ್ಲಿನ ಜಿಗಣೆಗಳಿಗೆ "ಕಟ್" ಎಂದರೆ ತಿಳಿಯುವುದಿಲ್ಲ.