ಗೆಲ್ಲುವ ತಂಡದ ಬೆಂಚೋ, ಸೋಲುವ ತಂಡದ ಗೋಲೋ?

ಮಗಳಿಗೆ 13 ವರ್ಷ, ಗೋಣಿಕೊಪ್ಪದ ಹತ್ತಿರದ ಶಾಲಾ ಹಾಕಿ ತಂಡದಲ್ಲಿ ಗೋಲ್‌ಕೀಪರ್, ತಂಡ ಸೋಲುವುದೇ ಹೆಚ್ಚು ಅಂದಿದ್ದೀರಿ. ಈಗ ಬೆಂಗಳೂರಿನ ಬಲಿಷ್ಠ ತಂಡವೊಂದು ಎರಡನೇ ಕೀಪರ್ ಆಗಿ ಕರೆದಿದೆ, ಕಳಿಸಲೋ ಬೇಡವೋ ಎಂಬುದು ನಿಮ್ಮ ಪ್ರಶ್ನೆ. ನಾನಾಗಿದ್ದರೆ ಇನ್ನೆರಡು ವರ್ಷ ಕಳಿಸುತ್ತಿರಲಿಲ್ಲ. ಪಂದ್ಯಗಳನ್ನು ಈಗಿನ ತಂಡದಲ್ಲೇ ಆಡಲಿ, ಅಭ್ಯಾಸ ಮಾತ್ರ ತನಗಿಂತ ಗಟ್ಟಿಗರ ಜೊತೆ ನಡೆಯಲಿ.

ಕಾರಣ ಹೇಳುತ್ತೇನೆ. ಹಾಕಿಯಲ್ಲಿ ಎಷ್ಟು ಸಲ ಬೇಕಾದರೂ ಆಟಗಾರರನ್ನು ಬದಲಿಸಬಹುದು. ಹಾಗಾಗಿ ಬೆಂಚಿನ ಮೇಲಿರುವ ಫಾರ್ವರ್ಡ್‌ಗೂ ಪ್ರತಿ ಕ್ವಾರ್ಟರ್‌ನಲ್ಲಿ ನಾಲ್ಕೈದು ನಿಮಿಷ ಸಿಕ್ಕೇ ಸಿಗುತ್ತದೆ. ಕೀಪರ್‌ಗೆ ಆ ಭಾಗ್ಯವಿಲ್ಲ. ಮೊದಲ ಕೀಪರ್ ಚೆನ್ನಾಗಿ ಆಡುತ್ತಿದ್ದರೆ ಎರಡನೆಯವಳು 60 ನಿಮಿಷವೂ ಪ್ಯಾಡ್ ಕಟ್ಟಿಕೊಂಡು ಕೂತಿರಬೇಕು.

ನಾನು ಹಾಗೆ ಕೂತವನು. 14ನೇ ವಯಸ್ಸಿನಲ್ಲಿ ನಮ್ಮ ಶಾಲೆ ಬಿಟ್ಟು ಹೆಸರಾಂತ ತಂಡವೊಂದಕ್ಕೆ ಹೋದೆ. ಮನೆಯವರಿಗೆಲ್ಲ ಹೆಮ್ಮೆ. ಇಡೀ ಸೀಸನ್‌ನಲ್ಲಿ ಒಂದೇ ಒಂದು ಪಂದ್ಯಕ್ಕೆ ಇಳಿಸಿದರು. ಅಭ್ಯಾಸದಲ್ಲಿ ದಿನವೂ ಚೆಂಡು ತಡೆಯುತ್ತಿದ್ದೆ, ಕಾಲು ಚುರುಕಾಗಿಯೇ ಇತ್ತು. ಆದರೆ ಪಂದ್ಯದಲ್ಲಿ ಯಾವಾಗ ಮುಂದೆ ನುಗ್ಗಬೇಕು, ಯಾವಾಗ ಗೆರೆ ಮೇಲೆ ನಿಲ್ಲಬೇಕು ಎಂಬ ಅಂದಾಜೇ ತಪ್ಪಿಹೋಗಿತ್ತು. ಎರಡು ಸಲ ಅರ್ಧ ದಾರಿಗೆ ಹೋಗಿ ನಿಂತೆ, ಎರಡೂ ಸಲ ಗೋಲಾಯಿತು. ಆ ಅಂದಾಜು ಪಂದ್ಯದಲ್ಲಿ ಬಿಟ್ಟು ಬೇರೆಲ್ಲೂ ಹುಟ್ಟುವುದಿಲ್ಲ.

ಹಾಗಂತ ಎಂಥ ಸೋಲುವ ತಂಡವಾದರೂ ಸರಿ ಅನ್ನುತ್ತಿಲ್ಲ. ಪ್ರತಿ ಪಂದ್ಯದಲ್ಲೂ ಹತ್ತು ಗೋಲು ತಿಂದರೆ ಮಗು ಚೆಂಡಿಗೆ ಮುಖ ತಿರುಗಿಸುವುದನ್ನು ಕಲಿಯುತ್ತದೆ. ಡಿಫೆಂಡರ್‌ಗಳು ಎದುರಾಳಿಯನ್ನು ಸ್ವಲ್ಪವಾದರೂ ಒಂದು ಪಕ್ಕಕ್ಕೆ ಒತ್ತಬೇಕು, ಆಗಲೇ ಕೀಪರ್‌ಗೆ ಊಹಿಸಲು ಏನಾದರೂ ಸಿಗುತ್ತದೆ. ಎಂಟು ಗೋಲಿನಿಂದ ಗೆಲ್ಲುವ ತಂಡದಲ್ಲಿ ನಿಂತರೂ ಕಲಿಕೆ ಇಲ್ಲ, ಚೆಂಡು ಅವಳ ಹತ್ತಿರ ಎರಡು ಸಲವೂ ಬರುವುದಿಲ್ಲ.

ಪಿ.ಆರ್. ಶ್ರೀಜೇಶ್ ಕೂಡ ಎರಡನೇ ಕೀಪರ್ ಆಗಿದ್ದರಲ್ಲ ಅಂತ ಯಾರಾದರೂ ನಿಮಗೆ ಹೇಳಬಹುದು. ನಿಜ. 2006ರಲ್ಲಿ ಭಾರತ ತಂಡಕ್ಕೆ ಬಂದರೂ ಮೊದಲ ಆಯ್ಕೆಯಾಗಿ ನೆಲೆಯೂರಲು ಅವರಿಗೆ ವರ್ಷಗಳೇ ಹಿಡಿದವು. ಆದರೆ ಅದು ದೇಶದ ತಂಡ, ಆಗ ಅವರು 13ರ ಹುಡುಗನೂ ಅಲ್ಲ. ಚಿಕ್ಕಂದಿನಲ್ಲಿ ಅವರು ಬೆಳೆದದ್ದು ತಿರುವನಂತಪುರದ ಜಿ.ವಿ. ರಾಜಾ ಕ್ರೀಡಾ ಶಾಲೆಯಲ್ಲಿ. ಕೇರಳ ಹಾಕಿಗೆ ಹೆಸರಾದ ರಾಜ್ಯವೇ ಅಲ್ಲ. ಅಂಥ ಕಡೆಯ ಕೀಪರ್‌ಗೆ ಪಂದ್ಯದಲ್ಲಿ ಚೆಂಡು ತಡೆಯುವ ಕೆಲಸಕ್ಕೆ ಬರವಿರಲಿಲ್ಲ ಅನ್ನುವುದು ನನ್ನ ನಂಬಿಕೆ. ಮಗಳಿಗೆ ಸವಿತಾ ಪೂನಿಯಾ ಬಗ್ಗೆ ಹೇಳಿ. ಹರಿಯಾಣದ ಹಳ್ಳಿಯಿಂದ ಸಿರ್ಸಾಗೆ ಆ ಭಾರೀ ಕಿಟ್ ಹೊತ್ತುಕೊಂಡು ಬಸ್ಸಿನಲ್ಲಿ ಓಡಾಡಿದ ಹುಡುಗಿ, 2021ರಲ್ಲಿ ಟೋಕಿಯೊ ಒಲಿಂಪಿಕ್ಸ್ ಕ್ವಾರ್ಟರ್‌ಫೈನಲ್‌ನಲ್ಲಿ ಆಸ್ಟ್ರೇಲಿಯಾಕ್ಕೆ ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ. 1992ರ ಬಾರ್ಸಿಲೋನಾ ಒಲಿಂಪಿಕ್ಸ್ ಆಡಿದ ಕೀಪರ್ ಎ.ಬಿ. ಸುಬ್ಬಯ್ಯ ನಿಮ್ಮ ಕೊಡಗಿನವರೇ, ನೆನಪಿರಲಿ.

ಇನ್ನು ಮೈದಾನದ ವಿಷಯ. ನನಗೆ ನಿಜವಾದ ಚಿಂತೆ ಇರುವುದು ಇಲ್ಲಿ. ಮಣ್ಣಿನ ಮೈದಾನದಲ್ಲಿ ಚೆಂಡು ಕಲ್ಲಿಗೆ ಬಡಿದು ಎಲ್ಲಿಗಾದರೂ ಪುಟಿಯುತ್ತದೆ, ಅದಕ್ಕೇ ಕೀಪರ್ ಎರಡೂ ಕಾಲು ಜೋಡಿಸಿ ಕಾಯುವುದನ್ನು ರೂಢಿ ಮಾಡಿಕೊಳ್ಳುತ್ತಾಳೆ. ಜಾರಿದರೆ ತೊಡೆ ಕಿತ್ತುಬರುತ್ತದೆಂದು ಜಾರುವುದನ್ನೇ ಬಿಡುತ್ತಾಳೆ. ಟರ್ಫ್‌ನಲ್ಲಿ, ಅಂದರೆ ಕೃತಕ ಹುಲ್ಲಿನ ಮೈದಾನದಲ್ಲಿ, ಈ ಎರಡೂ ರೂಢಿ ಮುಳುವಾಗುತ್ತವೆ. ಅಲ್ಲಿ ಚೆಂಡು ನೇರ ಬರುತ್ತದೆ, ವಿಪರೀತ ವೇಗ, ಒಂದು ಕಾಲು ಚಾಚಿ ಬದಿಗೆ ತಳ್ಳಬೇಕು. ಪಂದ್ಯ ಸಮವಾದಾಗ ನಡೆಯುವ ಶೂಟ್‌ಔಟ್‌ನಲ್ಲಿ ಎದುರಾಳಿ 23 ಮೀಟರ್ ಗೆರೆಯಿಂದ ಬಂದು 8 ಸೆಕೆಂಡಿನಲ್ಲಿ ಮುಗಿಸಬೇಕು, ಅಲ್ಲಿ ಜಾರಲು ಬಾರದ ಕೀಪರ್‌ಗೆ ಉಳಿಗಾಲವಿಲ್ಲ. ಪೊನ್ನಂಪೇಟೆಯಲ್ಲಿ ಟರ್ಫ್ ಇದೆ, ನಿಮಗೆ ದೂರವೂ ಅಲ್ಲ. ಅಲ್ಲಿ ತರಬೇತಿ ಕೊಡುವವರನ್ನು ಕಂಡು, ವಾರಕ್ಕೆ ಎರಡು ದಿನವಾದರೂ ದೊಡ್ಡ ಹುಡುಗ ಹುಡುಗಿಯರ ಹೊಡೆತಕ್ಕೆ ಇವಳನ್ನು ನಿಲ್ಲಿಸಲು ಕೇಳಿ. ಅಭ್ಯಾಸಕ್ಕೆ ಕೀಪರ್ ಬರುತ್ತಾಳೆಂದರೆ ಬೇಡ ಅನ್ನುವವರು ಕಡಿಮೆ, ಎಲ್ಲ ಕಡೆ ಕೀಪರ್‌ಗಳದ್ದೇ ಕೊರತೆ. ಬೇಸಿಗೆಯ ಕೊಡವ ಕುಟುಂಬ ಹಾಕಿಯಲ್ಲಿ ನಿಮ್ಮ ಒಕ್ಕದ (ಮನೆತನದ) ತಂಡ ಇದೆ ಅಂದಿದ್ದೀರಿ, ಅಲ್ಲೂ ನಿಲ್ಲಲಿ. 1997ರಲ್ಲಿ ಕರಡದಲ್ಲಿ ಶುರುವಾದ ಆ ಹಬ್ಬದಷ್ಟು ಜನ, ಗಲಾಟೆ ಅವಳಿಗೆ ಯಾವ ಶಾಲಾ ಪಂದ್ಯದಲ್ಲೂ ಸಿಗದು.

ಮನೆಯ ಹತ್ತಿರವೇ ಮಾಡಬಹುದಾದ ಒಂದು ಅಭ್ಯಾಸ ಹೇಳುತ್ತೇನೆ. ಉದ್ದನೆಯ ಹಗ್ಗದ ಎರಡು ತುದಿಗಳನ್ನು ಎರಡು ಗೋಲ್ ಕಂಬಗಳ ಬುಡಕ್ಕೆ ಕಟ್ಟಿ. ಹಗ್ಗದ ನಡುಭಾಗ ಹಿಡಿದು ನೀವು ಸರ್ಕಲ್‌ನಲ್ಲಿ (ಗೋಲಿನ ಮುಂದಿನ ಅರ್ಧವೃತ್ತದಲ್ಲಿ) ಚೆಂಡಿರುವ ಜಾಗದಲ್ಲಿ ನಿಲ್ಲಿ, ಒಂದು ತ್ರಿಕೋನ ಆಗುತ್ತದೆ. ಮಗಳು ಅದರೊಳಗೆ ನಿಲ್ಲಲಿ. ಗೆರೆ ಮೇಲೆ ನಿಂತಾಗ ಅವಳ ಎರಡೂ ಪಕ್ಕ ಎಷ್ಟು ಜಾಗ ತೆರೆದಿದೆ ಎಂದು ಅವಳಿಗೇ ಕಾಣುತ್ತದೆ. ಎರಡು ಹೆಜ್ಜೆ ಮುಂದೆ ಬಂದರೆ ಹಗ್ಗ ಹತ್ತಿರವಾಗುತ್ತದೆ, ಇನ್ನೊಂದು ಹೆಜ್ಜೆಗೆ ಕಾಲು ಚಾಚಿದರೆ ಸಾಕು ತಾಗುತ್ತದೆ. ಗೋಲು 3.66 ಮೀಟರ್ ಅಗಲ ಇರಬಹುದು, ಅವಳು ಕಾಯಬೇಕಾದದ್ದು ಅಷ್ಟಲ್ಲ ಎಂಬುದು ಆ ಕ್ಷಣಕ್ಕೆ ಹೊಳೆಯುತ್ತದೆ. ಭಾನುವಾರ ನಾನು ಆಡಿಸುವ ಮಕ್ಕಳಿಗೆ ಮೊದಲ ದಿನ ಇದನ್ನೇ ಮಾಡಿಸುವುದು. ಹಗ್ಗ ಬಿಚ್ಚಿದ ಮೇಲೂ ಕೆಲವರು ಪಕ್ಕಕ್ಕೆ ಕಾಲು ಚಾಚಿ ಹಗ್ಗ ಹುಡುಕುತ್ತಾರೆ.

ಬೆಂಗಳೂರಿನವರಿಗೆ ಬೇಡ ಅಂತ ಮುಖಕ್ಕೆ ಹೊಡೆದಂತೆ ಹೇಳಬೇಡಿ. ವರ್ಷಕ್ಕೆ ಎಷ್ಟು ಪಂದ್ಯದಲ್ಲಿ ಇವಳನ್ನು ಇಳಿಸುತ್ತೀರಿ, ಕೀಪರ್‌ಗಳಿಗೆ ಅಂತಲೇ ಪ್ರತ್ಯೇಕ ಕೋಚ್ ಇದ್ದಾರಾ ಅಂತ ಕೇಳಿ. ಅರ್ಧದಷ್ಟು ಪಂದ್ಯ ಕೊಡುತ್ತೇವೆ ಅಂದರೆ, ಕೋಚ್ ಕೂಡ ಇದ್ದರೆ, ನಾನು ಮೇಲೆ ಹೇಳಿದ್ದನ್ನು ಬದಿಗಿಟ್ಟು ಕಳಿಸಿ. "ನೋಡೋಣ" ಅಂದರೆ ಬೇಸಿಗೆ ರಜೆಯಲ್ಲಿ ಅಭ್ಯಾಸಕ್ಕೆ ಮಾತ್ರ ಕಳಿಸುತ್ತೇವೆ ಅನ್ನಿ.

ಕೊನೆಗೆ ಕಿಟ್. ಬೆಳೆಯುವ ಮಗು ಅಂತ ಕಿಕ್ಕರ್ (ಶೂ ಮೇಲೆ ಕಟ್ಟುವ ದಪ್ಪ ಫೋಮ್ ಕವಚ) ಒಂದು ಸೈಜ್ ದೊಡ್ಡದು ಕೊಳ್ಳಬೇಡಿ. ಒಳಗೆ ಪಾದ ತಿರುಗಿದರೆ ಪಕ್ಕಕ್ಕೆ ಹೋಗಬೇಕಾದ ಚೆಂಡು ಎದುರಾಳಿಯ ಸ್ಟಿಕ್‌ಗೇ ವಾಪಸ್ ಹೋಗುತ್ತದೆ. ನಿಮ್ಮ ಕಡೆಯ ಮಳೆಯಲ್ಲಿ ಪ್ಯಾಡ್ ನೆಂದರೆ ಒಲೆಯ ಹತ್ತಿರ ಇಡಬೇಡಿ, ಫೋಮ್ ಗಟ್ಟಿಯಾಗಿ ಬಿರಿಯುತ್ತದೆ. ನೆರಳಲ್ಲಿ ಗಾಳಿಗೆ ನೇತುಹಾಕಿ.