ಉಪಗ್ರಹ ಚಿತ್ರ ಇದ್ದರೂ ಇಡೀ ದೇಶದ ಜಮೀನು ನಕ್ಷೆ ಮಾಡೋದು ಯಾಕಿಷ್ಟು ಕಷ್ಟ?

ಬಡ ದೇಶಗಳ ಹತ್ತಿರ ಒಳ್ಳೇ ಸಾಫ್ಟ್‌ವೇರ್ ಇಲ್ಲದ್ದೇ ತೊಂದರೆಯಾ ಅಂತ ಕೇಳಿದ್ದೀರಿ. ಅಲ್ಲ. ನಕ್ಷೆ ಮಾಡುವ ಸಾಫ್ಟ್‌ವೇರ್ ಕ್ಯೂಜಿಐಎಸ್ ಪುಕ್ಕಟೆ ಸಿಗುತ್ತದೆ, ನಾನು ದಿನಾ ಕೆಲಸ ಮಾಡುವುದೂ ಅದರಲ್ಲೇ. ಚಿತ್ರದಲ್ಲಿ ಬದು ಕಾಣುತ್ತದೆ, ಸರಿ. ಆ ಬದು ಯಾವ ಸರ್ವೆ ನಂಬರಿನದು ಅಂತ ಹೇಳಲು ಹಳೇ ದಾಖಲೆಯೇ ಬೇಕು.

ನಮ್ಮ ಕರ್ನಾಟಕದಲ್ಲೇ ನೋಡಿ. ನಿಂತ ಜಾಗದ ಸರ್ವೆ ನಂಬರ್ ತೋರಿಸುವ ಸರ್ಕಾರದ ದಿಶಾಂಕ್ ಆ್ಯಪ್ ತೆರೆದು ಹೊಲದ ಬದುವಿನ ಮೇಲೆ ನಿಂತರೆ ಎಷ್ಟೋ ಕಡೆ ಗೆರೆ ಪಕ್ಕದವರ ಹೊಲದೊಳಗೆ ಹೋಗಿರುತ್ತದೆ. (ಅದನ್ನೇ ತೋರಿಸಿ ಜಗಳಕ್ಕೆ ನಿಲ್ಲುವವರೂ ಇದ್ದಾರೆ!) ಅಡಿಯಲ್ಲಿರುವುದು ಹಳೇ ಗ್ರಾಮ ನಕ್ಷೆ. ಹಳೇ ಮೈಸೂರು ಕಡೆ 33 ಅಡಿ ಸರಪಳಿ ಎಳೆದು ಅಳೆದದ್ದು. ಸರಪಳಿಗೆ 16 ಆಣೆ, ಅಂದರೆ 16 ಸಮ ಭಾಗ; ಒಂದು ಸರಪಳಿ ಉದ್ದ ಅಗಲ ಇದ್ದರೆ ಒಂದು ಗುಂಟೆ. ಕಂದಾಯ ಕಟ್ಟಲು ಅಷ್ಟು ಸಾಕಿತ್ತು. ಹೊಲದ ಅಕ್ಷಾಂಶ, ರೇಖಾಂಶ ಯಾರಿಗೆ ಬೇಕಿತ್ತು? ಆ ಹಾಳೆಯನ್ನು ಸ್ಕ್ಯಾನ್ ಮಾಡಿ ಉಪಗ್ರಹ ಚಿತ್ರದ ಮೇಲೆ ಕೂರಿಸುವಾಗ ಒಂದು ಮೂಲೆ ಸರಿಯಾದರೆ ಇನ್ನೊಂದು ಜರುಗುತ್ತದೆ. ಕೊನೆಗೆ ಒಬ್ಬರು ಗಡಿ ಕಲ್ಲು ಹುಡುಕಿಕೊಂಡು ಹೊಲಕ್ಕೇ ಹೋಗಬೇಕು.

ಆಫ್ರಿಕಾದ ರುವಾಂಡ ಬೇರೆ ದಾರಿ ಹಿಡಿಯಿತು. 2009ರಿಂದ 2013ರೊಳಗೆ 1 ಕೋಟಿಗೂ ಜಾಸ್ತಿ ತುಂಡು ಜಮೀನುಗಳನ್ನು ನಕ್ಷೆಗೆ ತಂದರು. ಸೆಂಟಿಮೀಟರ್ ಲೆಕ್ಕದ ಹಟ ಬಿಟ್ಟರು. ಊರಿನ ಹುಡುಗ ಹುಡುಗಿಯರಿಗೇ ತರಬೇತಿ ಕೊಟ್ಟು, ವಿಮಾನದಿಂದ ತೆಗೆದ ಫೋಟೋದ ಪ್ರಿಂಟ್ ಕೈಗಿಟ್ಟರು. ಅಕ್ಕಪಕ್ಕದವರು ನಿಂತು ಒಪ್ಪಿದ ಗಡಿಯ ಮೇಲೆ ಗೆರೆ ಎಳೆಸಿದರು. ನನಗಂತೂ ಇದು ಜಾಣತನವೇ ಅನಿಸುತ್ತದೆ. ಎಡವಿದ್ದು ಆಮೇಲೆ. ಜಮೀನು ಚಿಕ್ಕದಿರಲಿ ದೊಡ್ಡದಿರಲಿ, ವರ್ಗಾವಣೆಗೆ ಒಂದೇ ಶುಲ್ಕ ಇಟ್ಟರು. ಸಣ್ಣ ರೈತರು ದಾಖಲೆ ಮಾಡಿಸದೆ ಮಾರಲು ಶುರು ಮಾಡಿದರು, ನಕ್ಷೆ ಹಳತಾಗುತ್ತಾ ಬಂತು.

ಇನ್ನು ಅನುಮತಿಯ ಗೋಳು. ಭಾರತದಲ್ಲಿ ನಮ್ಮ ಕಂಪನಿಗಳೇ ನಕ್ಷೆ ಮಾಡಲು ಪರವಾನಗಿಗೆ ಅಲೆಯಬೇಕಿತ್ತು. ಅದು ಸಡಿಲವಾದದ್ದು 2021ರಲ್ಲಿ.

ದುಡ್ಡು ಎಲ್ಲಿಗೆ ಹಾಕಬೇಕು ಅಂತಲೂ ಕೇಳಿದ್ದೀರಲ್ಲ, ನಾನಾದರೆ ಜಮೀನು ಕೈ ಬದಲಾದ ಹಾಗೆ ನಕ್ಷೆ ತಿದ್ದುತ್ತಾ ಇರುವ ಕೆಲಸಕ್ಕೆ ಹಾಕುತ್ತೇನೆ. ಕರ್ನಾಟಕದಲ್ಲಿ ಒಂದು ಸರ್ವೆ ನಂಬರಿನ ಭಾಗವನ್ನು ಮಾರಬೇಕಾದರೆ ಮೊದಲು 11ಇ ಸ್ಕೆಚ್, ಅಂದರೆ ಮಾರುವ ಭಾಗವನ್ನು ಸರ್ವೆಯರ್ ಅಳೆದು ಬರೆದ ನಕ್ಷೆ, ಆಗಬೇಕು. ಸರ್ವೆಯರ್‌ಗೆ ಕಾಯಬೇಕು ಅಂತ ಜನ ಗೊಣಗುತ್ತಾರೆ, ನಿಜ. ಆದರೆ ನೋಂದಣಿಗೆ ಹೋಗುವ ಮೊದಲೇ ಹೊಸ ಗೆರೆ ಅಳತೆಯಾಗಿ ದಾಖಲೆಗೆ ಸೇರಿರುತ್ತದೆ. ಸರ್ವೆಯರ್ ಸಂಖ್ಯೆ ಜಾಸ್ತಿ ಮಾಡಿ ಆ ಕಾಯುವಿಕೆ ಕಡಿಮೆ ಮಾಡಿದರೆ ಆಯಿತು.