ಸರೋವರದ ದಡದಲ್ಲಿ ಗದರಿಸಿಕೊಂಡ ರಾತ್ರಿ

ಪ್ರಶ್ನೆ: ಕಳೆದ ರಜೆಯಲ್ಲಿ ನಾವು ಸರೋವರದ ದಡದ ಒಂದು ಶಿಬಿರತಾಣದಲ್ಲಿ ಮಕ್ಕಳೊಂದಿಗೆ ಎರಡು ರಾತ್ರಿ ಟೆಂಟ್ ಹಾಕಿಕೊಂಡಿದ್ದೆವು. ಕಾರಿನಲ್ಲಿ ತಂದಿದ್ದ ಸೌದೆಯನ್ನು ಸಿಬ್ಬಂದಿ ಒಳಗೇ ಬಿಡಲಿಲ್ಲ. ಹಾಡಿಲ್ಲ, ಕುಣಿದಿಲ್ಲ, ಮಾತನಾಡುತ್ತ ಕುಳಿತಿದ್ದವರಿಗೆ ರಾತ್ರಿ ಹತ್ತು ಗಂಟೆಗೇ ಸುಮ್ಮನಿರಲು ಹೇಳಿದರು. ಆರಿ ಬೂದಿಯಾಗಿದ್ದ ಬೆಂಕಿಗೆ ಮೂರು ಸಲ ನೀರು ಹಾಕಿಸಿದರು. ಪರಿಸರಸ್ನೇಹಿ ಎಂದು ಬರೆದಿದ್ದ ಸಾಬೂನಿನಿಂದ ದಡದಲ್ಲಿ ಪಾತ್ರೆ ತೊಳೆಯುತ್ತಿದ್ದ ನನ್ನ ಪತ್ನಿಯನ್ನು ಮಕ್ಕಳೆದುರೇ ಗದರಿಸಿದರು. ಹಣ ಕೊಟ್ಟೂ ಇದನ್ನು ಸಹಿಸಬೇಕೆ? ದೂರು ಕೊಡಬಹುದೆ?

ಉತ್ತರ: ಕೊಡಬಹುದು. ಆದರೆ ನೀವು ಹೇಳಿರುವುದರಲ್ಲಿ ದೂರಿಗೆ ತಕ್ಕದ್ದು ಆ ಗದರಿಕೆಯೊಂದೇ. ಉಳಿದ ವಿಷಯಗಳಲ್ಲಿ, ನಿಮಗೆ ಬೇಸರವಾದರೂ, ನಾನು ಸಿಬ್ಬಂದಿಯ ಪಕ್ಷ.

ಮೊದಲು ಮಾತಿನ ವಿಷಯ. ಬಯಲಿನಲ್ಲಿ ಪಿಸುಮಾತೆನಿಸುವುದು ನೀರಿನ ದಡದಲ್ಲಿ ಪಿಸುಮಾತಾಗಿ ಉಳಿಯುವುದಿಲ್ಲ. ಗಾಳಿಯಿಲ್ಲದ ತಿಳಿ ರಾತ್ರಿಗಳಲ್ಲಿ ಸರೋವರಕ್ಕೆ ತಾಗಿದ ಗಾಳಿ ತಣ್ಣಗಾಗಿ, ಅದರ ಮೇಲಿನ ಪದರ ಬೆಚ್ಚಗೇ ಉಳಿದಿರುವಾಗ, ಮೇಲಕ್ಕೆ ಹೋಗಿ ಚದುರಬೇಕಾದ ಸದ್ದು ಕೆಳಕ್ಕೆ ಬಾಗಿ, ನಯವಾದ ನೀರಿನ ಮೇಲೆ ಪುಟಿಯುತ್ತ ಎದುರು ದಡದವರೆಗೂ ಸಾಗುತ್ತದೆ. ಒಮ್ಮೆ ನಾನು ಟೆಂಟಿನೊಳಗೆ ನಿದ್ದೆ ಬಾರದೆ ಮಲಗಿದ್ದಾಗ, ಎದುರು ದಡದಲ್ಲಿ ಗಂಡಹೆಂಡಿರು ಟಾರ್ಚ್ ಎಲ್ಲಿಟ್ಟೆಯೆಂದು ವಾದಿಸುತ್ತಿದ್ದುದು ಪದಪದವೂ ಕೇಳಿಸಿತ್ತು. ಕಡೆಗೆ ಆ ಟಾರ್ಚ್ ಶೂವಿನೊಳಗೆ ಸಿಕ್ಕಿತೆಂಬುದೂ ನನಗೆ ಗೊತ್ತಾಯಿತು. ಅವರೂ ನಿಮ್ಮಂತೆಯೇ ತಾವು ಮೆಲ್ಲಗೆ ಮಾತನಾಡುತ್ತಿದ್ದೇವೆಂದೇ ತಿಳಿದಿದ್ದರು.

ಬೆಂಕಿಯ ವಿಷಯದಲ್ಲಂತೂ ಸಡಿಲಿಕೆ ಕೇಳಲೇಬೇಡಿ. ಬೂದಿ ಮುಚ್ಚಿದ ಕೆಂಡವೆಂದು ನಾವೇ ಮಾತಿಗೆ ಹೇಳುತ್ತೇವೆ, ಆದರೆ ಕಣ್ಣೆದುರು ಬೂದಿ ಕಂಡೊಡನೆ ಬೆಂಕಿ ಆರಿತೆಂದು ಎದ್ದು ಹೋಗುತ್ತೇವೆ. ಬೂದಿಯು ಕಂಬಳಿಯಂತೆ ಶಾಖವನ್ನು ಹಿಡಿದಿಟ್ಟುಕೊಳ್ಳುವುದರಿಂದ ರಾತ್ರಿಯ ಕೆಂಡ ಮರುದಿನ ಬೆಳಗಿನವರೆಗೂ ಸುಡುವಷ್ಟು ಬಿಸಿಯಾಗಿರಬಲ್ಲದು. ಬರಿಗಾಲಿನಲ್ಲಿ ಓಡಾಡುವ ಮಕ್ಕಳು ಸುಟ್ಟುಕೊಳ್ಳುವುದು ಎಷ್ಟೋ ಸಲ ಉರಿಯುವ ಬೆಂಕಿಯಿಂದಲ್ಲ, ಆರಿದಂತೆ ಕಾಣುವ ಈ ಗುಂಡಿಯಿಂದ. ಒಣಗಿದ ಎಲೆಗೊಬ್ಬರವಿರುವ ನೆಲದಲ್ಲಿ ಕಿಡಿ ಬೇರುಗಳ ಜಾಡು ಹಿಡಿದು ಒಳಗೊಳಗೇ ಹರಿದು, ಬೇರೆಲ್ಲೋ ತಲೆಯೆತ್ತುವುದೂ ಉಂಟು. ಮೊದಲ ಸಲ ಸುರಿದ ನೀರು ಮೇಲಿನ ಪದರವನ್ನಷ್ಟೇ ನೆನೆಸುತ್ತದೆ. ಆಮೇಲೆ ಕೋಲಿನಿಂದ ಕೆದಕಬೇಕು, ಮತ್ತೆ ಸುರಿಯಬೇಕು, ಚುಂಯ್ ಎನ್ನುವ ಸದ್ದು ನಿಲ್ಲುವವರೆಗೂ ಬಿಡಬಾರದು. ಕೊನೆಗೆ ಅಂಗೈಯ ಹಿಂಭಾಗವನ್ನು ಬೂದಿಯ ಹತ್ತಿರ ತಂದಾಗ ಬಿಸಿ ತಾಗದಿದ್ದರೆ ಬೆಂಕಿ ಆರಿದೆ ಎಂದರ್ಥ. ಮೂರು ಸಲವೆಂಬುದು ಹೆಚ್ಚೇನಲ್ಲ.

ಸೌದೆಯ ಮಾತು ನಿಮಗೆ ವಿಚಿತ್ರವೆನಿಸಿರಬಹುದು. ತೊಗಟೆಯ ಕೆಳಗೆ ಅಡಗಿರುವ ಮರಿಹುಳುಗಳು ಸೌದೆಯೊಡನೆ ನೂರಾರು ಕಿಲೋಮೀಟರ್ ಪ್ರಯಾಣ ಮಾಡುತ್ತವೆ. ಅಮೆರಿಕದಲ್ಲಿ 2002ರಲ್ಲಿ ಮಿಷಿಗನ್ ರಾಜ್ಯದಲ್ಲಿ ಪತ್ತೆಯಾದ ಎಮರಾಲ್ಡ್ ಆಶ್ ಬೋರರ್ ಎಂಬ ಹಸಿರು ದುಂಬಿಯು ಅಲ್ಲಿಂದಾಚೆ ಕೋಟ್ಯಂತರ ಆಶ್ ಮರಗಳನ್ನು ಕೊಂದಿದೆ, ಮತ್ತು ಅದು ದೂರದೂರದ ಊರುಗಳಿಗೆ ಹರಡಿದ್ದರಲ್ಲಿ ಜನ ಹೊತ್ತೊಯ್ದ ಸೌದೆಯ ಪಾತ್ರ ದೊಡ್ಡದು.

ಸಾಬೂನಿನ ಡಬ್ಬಿಯ ಮೇಲಿನ ಬರಹ ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಅಂಥ ಸಾಬೂನು ಚೆನ್ನಾಗಿ ಕೊಳೆತು ಕರಗಲು ಮಣ್ಣು ಮತ್ತು ಅದರಲ್ಲಿರುವ ಸೂಕ್ಷ್ಮಜೀವಿಗಳು ಬೇಕು. ನೇರವಾಗಿ ನೀರಿಗೆ ಸೇರಿದರೆ ಅದು ಮೀನಿನ ಕಿವಿರುಗಳಿಗೂ ನೀರಿನ ಹುಳುಗಳಿಗೂ ಹಾನಿ ಮಾಡಬಲ್ಲದು. ದಡದಿಂದ ಸುಮಾರು 60 ಮೀಟರ್ ದೂರಕ್ಕೆ ನೀರು ಒಯ್ದು ತೊಳೆದು, ಆ ನೀರನ್ನು ಮಣ್ಣಿನ ಮೇಲೆ ಚೆಲ್ಲುವುದು ವಾಡಿಕೆ.

ಇದನ್ನೇ ಆ ಸಿಬ್ಬಂದಿ ನಿಮ್ಮ ಪತ್ನಿಗೆ ಎರಡು ವಾಕ್ಯಗಳಲ್ಲಿ ಹೇಳಬಹುದಿತ್ತು. ಕಾರಣ ಹೇಳದೆ ದನಿಯೇರಿಸುವುದು ಶಿಸ್ತಲ್ಲ, ಸೋಮಾರಿತನ. ಆದ್ದರಿಂದ ವ್ಯವಸ್ಥಾಪಕರಿಗೆ ಪತ್ರ ಬರೆಯಿರಿ. ದಿನಾಂಕ, ಹೊತ್ತು, ಟೆಂಟಿನ ಜಾಗದ ಸಂಖ್ಯೆ, ಆಡಿದ ಮಾತುಗಳು, ಇಷ್ಟೇ ಇರಲಿ. ಸೌದೆ, ಬೆಂಕಿಗಳನ್ನು ಅದರಲ್ಲಿ ಬೆರೆಸಿದರೆ ಅವರು ನಿಯಮಗಳನ್ನು ಸಮರ್ಥಿಸಿ ನಾಲ್ಕು ಸಾಲು ಬರೆದು, ಗದರಿಕೆಯ ವಿಷಯವನ್ನು ಜಾರಿಸಿಬಿಡುತ್ತಾರೆ. ಜಾಗ ಕಾಯ್ದಿರಿಸುವಾಗಲೇ ನಿಯಮಗಳನ್ನು ಕಾರಣಸಹಿತ ಲಿಖಿತವಾಗಿ ಕೊಡಿರೆಂದೂ ಕೇಳಿ. ಸೌದೆ ತರಬಾರದೆಂದು ಮೊದಲೇ ತಿಳಿದಿದ್ದರೆ ನೀವು ಅದನ್ನು ಕಾರಿಗೆ ತುಂಬುತ್ತಲೇ ಇರಲಿಲ್ಲ. ಮುಂದಿನ ಸಲ ರಾತ್ರಿ ಹರಟುವ ಆಸೆಯಿದ್ದರೆ, ನೀರಿನಿಂದ ದೂರ, ಮರಗಳ ಹಿಂದಿನ ಜಾಗವನ್ನೇ ಕೇಳಿ ಪಡೆಯಿರಿ, ಹತ್ತು ಗಂಟೆಯ ನಂತರ ಅಲ್ಲಿಯೂ ದನಿ ತಗ್ಗಿಸಿ.